ಡೈರೆಕ್ಟರ್ ಆಗ್ಬೇಕಾ? ಮೊದಲು ಅಡಿಕೆ ಬುಟ್ಟಿ ನೋಡಿ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಹುಡುಗರು ಆಗಾಗ ಮನೆಗೆ ಬರುತ್ತಾರೆ. "ಅಣ್ಣಾ, ಡೈರೆಕ್ಟರ್ ಆಗ್ಬೇಕು. ಯಾವ ಕ್ಯಾಮೆರಾ ತಗೊಳ್ಳಲಿ?" ಕ್ಯಾಮೆರಾ ಬೇಡ ಮಾರಾಯ, ಕೈಯಲ್ಲಿರುವ ಫೋನ್ ಸಾಕು.

ಅಂಗಳದಲ್ಲಿ ಅಮ್ಮ, ದೊಡ್ಡಮ್ಮ ಎದುರುಬದುರು ಕೂತು ಅಡಿಕೆ ಸುಲಿಯುತ್ತಾರಲ್ವಾ, ಅದನ್ನೇ ಎರಡು ನಿಮಿಷದ ಸೀನ್ ಮಾಡಿ. ಮೊದಲು ಇಬ್ಬರೂ ಕಾಣುವ ಮಾಸ್ಟರ್ ಶಾಟ್. ಆಮೇಲೆ ಒಬ್ಬೊಬ್ಬರದೇ ಶಾಟ್. ಅವರಿಬ್ಬರ ನಡುವೆ ಒಂದು ಹಗ್ಗ ಎಳೆದಿದೆ ಅಂದುಕೊಳ್ಳಿ. ಹಗ್ಗದ ಒಂದೇ ಬದಿಯಲ್ಲಿ ನಿಂತು ಎಲ್ಲವನ್ನೂ ತೆಗೆಯಿರಿ. ಅಮ್ಮ ಬಲಕ್ಕೆ ನೋಡಿದರೆ ದೊಡ್ಡಮ್ಮ ಎಡಕ್ಕೆ ನೋಡಬೇಕು. ಹಗ್ಗ ದಾಟಿದಿರೋ, ಇಬ್ಬರೂ ಒಂದೇ ಕಡೆ ತಿರುಗಿ ಮೂರನೆಯವರ ಹತ್ತಿರ ಮಾತಾಡಿದ ಹಾಗೆ ಕಾಣುತ್ತದೆ.

ಫೋನಲ್ಲೇ ಎಡಿಟ್ ಮಾಡಿ. ಮಾಸ್ಟರ್‌ನಲ್ಲಿ ಬುಟ್ಟಿಯ ತಳ ಕಾಣುತ್ತಿತ್ತು, ದೊಡ್ಡಮ್ಮನ ಶಾಟ್ ಬರುವಾಗ ಅರ್ಧ ತುಂಬಿದೆ! ಒಂದು ಶಾಟ್‌ನಲ್ಲಿ ಇದ್ದದ್ದು ಮುಂದಿನ ಶಾಟ್‌ನಲ್ಲೂ ಹಾಗೇ ಇರಬೇಕು, ಕಂಟಿನ್ಯೂಯಿಟಿ ಅಂದರೆ ಇದೇ. ಅಮ್ಮ ಬೈದರೂ ಸರಿ, ಬುಟ್ಟಿ ಖಾಲಿ ಮಾಡಿ ಇನ್ನೊಮ್ಮೆ ತೆಗೆಯಿರಿ.

ಸೀರಿಯಲ್ ಸೆಟ್‌ನಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಕಂಟಿನ್ಯೂಯಿಟಿ ಬರೆಯುವುದು. ಅತ್ತೆ ಎಡಗೈಯಲ್ಲಿ ಹೂವಿನ ಬುಟ್ಟಿ ಹಿಡಿದು ಬಾಗಿಲು ದಾಟುತ್ತಾಳೆ. ಅಂಗಳದ ಭಾಗ ಶೂಟ್ ಆದದ್ದು ನಾಲ್ಕು ದಿನ ಕಳೆದು. ನಾನು "ಕೈಯಲ್ಲಿ ಬುಟ್ಟಿ" ಅಂತ ಬರೆದಿದ್ದೆ, ಯಾವ ಕೈ ಅಂತ ಇಲ್ಲ. ಹೊರಗೆ ಬರುವಾಗ ಬುಟ್ಟಿ ಬಲಗೈಯಲ್ಲಿ! ಮಾರನೇ ದಿನವೇ ಟೆಲಿಕಾಸ್ಟ್. ಎಡಿಟರ್ ನಡುವೆ ಒಂದು ತುಳಸಿಕಟ್ಟೆ ಶಾಟ್ ತುರುಕಿ ನನ್ನ ಮಾನ ಉಳಿಸಿದರು. ಈಗಲೂ ಎಲ್ಲಿ ಶೂಟ್ ಮಾಡಿದರೂ ಸುಮ್ನೆ ಒಂದು ತುಳಸಿಕಟ್ಟೆ ತೆಗೆದಿಟ್ಟುಕೊಳ್ಳುತ್ತೇನೆ. ನೀವು ಯಾವ ಕೈ, ಎಷ್ಟು ಬಳೆ, ಸೆರಗು ಎಲ್ಲಿ, ಯಾವ ಮಾತಿಗೆ ಎದ್ದರು ಎಂದೆಲ್ಲ ಬರೆಯಿರಿ. ಫೋಟೋ ಕೂಡ ಇರಲಿ.

ಓದಿಯೇ ಹೋಗುವುದಾದರೆ ಪುಣೆಯಲ್ಲಿ ಸಿನಿಮಾ ಕಲಿಸುವ ಎಫ್‌ಟಿಐಐ ಇದೆ, 1960ರಲ್ಲಿ ಶುರುವಾದದ್ದು. ಅಲ್ಲಿ ನಿರ್ದೇಶನದ ಕೋರ್ಸ್ ಮೂರು ವರ್ಷ, ಮೊದಲೇ ಡಿಗ್ರಿ ಆಗಿರಬೇಕು. ನಮ್ಮ ಕೇರಳದಲ್ಲೇ ಕೋಟ್ಟಯಂ ಕಡೆ ಕೆ.ಆರ್. ನಾರಾಯಣನ್ ಸಿನಿಮಾ ಸಂಸ್ಥೆ ಇದೆ. ಇಲ್ಲದಿದ್ದರೆ ಬೆಂಗಳೂರಿನ ರಾತ್ರಿ ರೈಲು ಹತ್ತಿ ಸೀರಿಯಲ್‌ಗೆ ಅಸಿಸ್ಟೆಂಟ್ ಆಗಿ ಸೇರಿ. ಆಮೇಲೆ ಅಸೋಸಿಯೇಟ್, ಎಪಿಸೋಡ್ ಡೈರೆಕ್ಟರ್. ಸಿನಿಮಾಕ್ಕಿಂತ ಸೀರಿಯಲ್‌ನಲ್ಲಿ ಕೈ ಬೇಗ ಪಳಗುತ್ತದೆ, ದಿನಾ ಶೂಟಿಂಗ್ ಅಲ್ವಾ. ಬಾಟಾ (ದಿನದ ಭತ್ಯೆ) ಎಷ್ಟು, ಯಾವಾಗ ಕೊಡ್ತೀರಿ ಅಂತ ಸೇರುವಾಗಲೇ ಕೇಳಿ. ನಾನು ನಾಚಿಕೆಯಿಂದ ಕೇಳದೆ ಎರಡು ತಿಂಗಳು ಬಿಟ್ಟಿ ದುಡಿದೆ.

ಪ್ರಾಂಪ್ಟಿಂಗ್, ಅಂದರೆ ನಟರಿಗೆ ಡೈಲಾಗ್ ಓದಿ ಹೇಳುವುದು ಕೂಡ ಅಸಿಸ್ಟೆಂಟ್ ತಲೆಗೇ. "ಯಾಕೆ ಬಂದೆ?" ಅಂತ ಬರೆದಿದ್ದ ಡೈಲಾಗನ್ನು ನಾನು "ಎಂತಕ್ಕೆ ಬಂದದ್ದು?" ಅಂತ ಓದಿಬಿಟ್ಟೆ. ಮೈಸೂರಿನ ಸೊಸೆ ಅದನ್ನೇ ಅತ್ತು ಹೇಳಿದಳು. ಸೆಟ್ಟೇ ನಕ್ಕಿತು. ಬೆಂಗಳೂರು, ಮೈಸೂರು ಕಡೆಯ ಮಾತನ್ನು ಬಾಯಿಬಿಟ್ಟು ಓದಿ ಅಭ್ಯಾಸ ಮಾಡಿ.

ನಮಗೆ ಮಲಯಾಳ ಓದಲು ಬರುತ್ತದೆ, ಅದೊಂದು ಲಾಭ. ಮಲಯಾಳದಲ್ಲಿ ಸಿನಿಮಾಗಳ ತಿರಕಥ (ಚಿತ್ರಕಥೆ) ಪುಸ್ತಕವಾಗಿಯೇ ಸಿಗುತ್ತದೆ. ಒಂದು ಸೀನ್ ಓದಿ ಪುಸ್ತಕ ಮುಚ್ಚಿ. ನೀವಾದರೆ ಎಷ್ಟು ಶಾಟ್‌ನಲ್ಲಿ ತೆಗೆಯುತ್ತೀರಿ ಅಂತ ಬರೆಯಿರಿ. ಆಮೇಲೆ ಆ ಸಿನಿಮಾ ಹಾಕಿ, ಡೈರೆಕ್ಟರ್ ಎಷ್ಟರಲ್ಲಿ ಮುಗಿಸಿದ್ದಾರೆ ಅಂತ ಎಣಿಸಿ.