ಕ್ಯೂಸೆಕ್ ಲೆಕ್ಕ ಮೆಟ್ಟಿಲಿಗೆ ಬಂದಾಗ: ಪಂಚಾಯತಿಯ ನೆರೆ ಯೋಜನೆ, ನನ್ನ ಅನುಭವ

ಕಾರವಾರ ತಾಲ್ಲೂಕಿನಲ್ಲಿ, ಕದ್ರಾ ಅಣೆಕಟ್ಟಿನ ಕೆಳಗೆ ಕಾಳಿ ಹೊಳೆಯ ದಂಡೆಯ ಒಂದು ಪಂಚಾಯತಿಯಲ್ಲಿ ನಾನು ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಆಗಿದ್ದೆ. ಮಳೆಗಾಲದ ತಯಾರಿ ಅಂದರೆ ಮೇ ತಿಂಗಳ ಮೀಟಿಂಗು, ಅದರ ಹಿಂದೆಯೇ ಒಂದು ನಮೂನೆ. ತಗ್ಗು ಪ್ರದೇಶ ಯಾವುದು, ಜನರನ್ನು ಇರಿಸುವ ಕಾಳಜಿ ಕೇಂದ್ರ ಎಲ್ಲಿ, ಜೆಸಿಬಿ ಯಾರ ಹತ್ತಿರ ಇದೆ, ಈಜು ಬಲ್ಲವರು ಯಾರು. ಹಳೇ ಕಡತ ತೆಗೆದು ತಾರೀಖು ತಿದ್ದಿ ಕಳಿಸಿದರೂ ನಡೆದುಹೋಗುತ್ತದೆ. 2019ರ ಆಗಸ್ಟಿನ ನೆರೆ ನೋಡಿದ ಮೇಲೆ ಹಾಗೆ ಕಳಿಸಲು ಮನಸ್ಸಾಗಲಿಲ್ಲ.

ಮೇಲಿನ ವ್ಯವಸ್ಥೆ ಕಾಗದದಲ್ಲಿ ಚೊಕ್ಕವಾಗಿಯೇ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ರಾಜ್ಯ ಪ್ರಾಧಿಕಾರಕ್ಕೆ ಮುಖ್ಯಮಂತ್ರಿ ಅಧ್ಯಕ್ಷರು, ಜಿಲ್ಲೆಯದಕ್ಕೆ ಡಿಸಿ. ರಾಜ್ಯಕ್ಕೊಂದು ಯೋಜನೆ, ಜಿಲ್ಲೆಗೊಂದು ಯೋಜನೆ ಇರಲೇಬೇಕು. ಮಳೆ ಲೆಕ್ಕ ಬೆಂಗಳೂರಿನ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ ಬರುತ್ತದೆ. ಹವಾಮಾನ ಇಲಾಖೆಯ ಪ್ರಕಾರ ದಿನಕ್ಕೆ 204.4 ಮಿ.ಮೀ. ದಾಟಿದರೆ ಅದು ಅತ್ಯಂತ ಭಾರಿ ಮಳೆ. ಕದ್ರಾದ ಗರಿಷ್ಠ ಮಟ್ಟ 34.50 ಮೀಟರ್, ಇವತ್ತಿನ ಮಟ್ಟ ಎಷ್ಟು, ಒಳಹರಿವು ಎಷ್ಟು, ಎಷ್ಟು ಕ್ಯೂಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ ನೀರು) ಬಿಡುತ್ತಾರೆ ಎಂಬ ಸಂದೇಶ ವಾಟ್ಸಾಪಿಗೆ ಬರುತ್ತದೆ. ಎಲ್ಲವೂ ಅಂಕಿಯೇ. ಹೊಳೆಬದಿಯ ಅಜ್ಜಿ ಕೇಳುವುದು ಬೇರೆ: ‘ನಮ್ಮನೆ ಮೆಟ್ಟಿಲಿಗೆ ಬರ್ತದೋ ಇಲ್ವೋ?’

ನಾವು ಯೋಜನೆ ಹಿಡಿದದ್ದು ಈ ಪ್ರಶ್ನೆಯ ತುದಿಯಿಂದ. ವಾಟರ್‌ಮ್ಯಾನ್ ಮತ್ತು ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ದಂಡೆಯ ಮನೆಗಳನ್ನೆಲ್ಲ ಸುತ್ತಿದೆ. ಗೋಡೆಯ ಮೇಲೆ ನೆರೆಯ ಕೆಸರುಗೆರೆ ಇನ್ನೂ ಉಳಿದಿತ್ತು. ನೀರು ಮೊದಲು ಎಲ್ಲಿಂದ ನುಗ್ಗಿತು, ಆಗ ಹೊತ್ತೆಷ್ಟು ಎಂದು ಕೇಳಿದರೆ ಎಲ್ಲರೂ ಹೊಳೆಯ ಕಡೆಗೆ ಕೈ ತೋರಿಸಲಿಲ್ಲ. ಹಲವರು ತೋರಿಸಿದ್ದು ಹಿತ್ತಲಿನ ಹಳ್ಳವನ್ನು! ಹೊಳೆ ತುಂಬಿದಾಗ ಹಳ್ಳದ ನೀರಿಗೆ ಹೋಗಲು ದಾರಿಯಿಲ್ಲ, ಅದು ಹಿಮ್ಮುಖವಾಗಿ ಗದ್ದೆಗೆ ಏರುತ್ತದೆ. ದಂಡೆಗಿಂತ ಒಳಗಿದ್ದ ಮನೆ ಮೊದಲು ಮುಳುಗಿದ್ದು ಹೀಗೆ. ನಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ.

ಮನೆಯವರು ಹೇಳಿದ ಹೊತ್ತನ್ನೂ ಅಣೆಕಟ್ಟಿನ ಗೇಟು ಎತ್ತಿದ ಹೊತ್ತನ್ನೂ ಅಕ್ಕಪಕ್ಕ ಬರೆದು, ಮನೆಗಳನ್ನು ಮೂರು ಸಾಲು ಮಾಡಿದೆವು. ಮೊದಲ ಸಾಲಿನವರು, ನೀರು ಬಿಡುವ ಮುನ್ನ ಅಣೆಕಟ್ಟಿನವರು ಕಳಿಸುವ ಎರಡನೇ ಮುನ್ನೆಚ್ಚರಿಕೆ ಪತ್ರ ಬಂದ ಕೂಡಲೇ, ಗೇಟು ಎತ್ತುವ ಮೊದಲೇ ಹೊರಡಬೇಕು. ಇದಕ್ಕೆ ಭರತಿಯ ಲೆಕ್ಕವೂ ಸೇರಬೇಕು. ಹೊಳೆಯ ಕೆಳಭಾಗದಲ್ಲಿ ದಿನಕ್ಕೆ ಎರಡು ಸಲ ಸಮುದ್ರ ಒಳಗೆ ಒತ್ತುತ್ತದೆ; ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇನ್ನೂ ಜೋರು. ಇಳಿತದಲ್ಲಿ ಸಲೀಸಾಗಿ ಹರಿದುಹೋಗುವಷ್ಟೇ ನೀರು ಭರತಿಯಲ್ಲಿ ಮನೆಯೊಳಗೆ ಬರಬಹುದು. ಹಾಗಾಗಿ ನಮ್ಮ ಪಟ್ಟಿಯಲ್ಲಿ ಕ್ಯೂಸೆಕ್ಕಿನ ಪಕ್ಕದಲ್ಲೇ ತಿಥಿ ಬರೆದೆವು. ಮೀಟಿಂಗಿನಲ್ಲಿ ಕೆಲವರು ನಕ್ಕರು. ಮೀನುಗಾರರು ನಗಲಿಲ್ಲ.

ಜನ ಯಾಕೆ ಹೊರಡುವುದಿಲ್ಲ ಎನ್ನುವುದನ್ನೂ ಬರೆದಿಟ್ಟುಕೊಂಡೆ. ದನ ಬಿಟ್ಟು ಯಾರೂ ಬರುವುದಿಲ್ಲ, ಆದ್ದರಿಂದ ಕಾಳಜಿ ಕೇಂದ್ರಕ್ಕಿಂತ ಮೊದಲು ದನ ಕಟ್ಟಲು ಎತ್ತರದ ಜಾಗ ನೋಡಿದೆವು. ಜೀಪಿನ ಮೈಕಿನಲ್ಲಿ ಬರುವ ಪುಸ್ತಕದ ಕನ್ನಡ, ಕೊಂಕಣಿ ಮಾತಾಡುವ ಮನೆಗಳಿಗೆ ಅಷ್ಟು ತಾಗುವುದಿಲ್ಲ. ಊರಿನವರ ದನಿಯಲ್ಲೇ ಕೊಂಕಣಿಯ ಪ್ರಕಟಣೆ ರೆಕಾರ್ಡ್ ಮಾಡಿಸಿದೆವು. ದಾಸ್ತಾನು ಪಟ್ಟಿಯಲ್ಲಿ ಅಕ್ಕಿ, ಬೇಳೆ, ಎಣ್ಣೆ ಇದ್ದವು. ನಾನು ಒಣಮೀನು ಸೇರಿಸಿದೆ. ಎರಡು ದಿನ ಬರೀ ಬೇಳೆಸಾರು ಬಡಿಸಿದರೆ ಮಳೆ ನಿಲ್ಲುವ ಮೊದಲೇ ಅರ್ಧ ಜನ ಮನೆಗೆ ವಾಪಸ್.

ದೋಣಿಗಳ ಪಟ್ಟಿಗೆ ನಾನು ಹೆಚ್ಚು ತಲೆ ಕೆಡಿಸಿಕೊಂಡೆ: ಮಾಲೀಕ ಯಾರು, ಇಂಜಿನ್ ಇದೆಯೋ ಇಲ್ಲವೋ, ರಾತ್ರಿ ಕಟ್ಟುವುದೆಲ್ಲಿ. ಎನ್‌ಡಿಆರ್‌ಎಫ್ (ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ) ತಂಡ ತಲುಪುವ ತನಕದ ಹೊತ್ತು ಊರಿನವರ ಕೈಯಲ್ಲೇ ಇರುತ್ತದೆ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿಯ ಹಳೇ ಸೇತುವೆ ಕುಸಿದು ಲಾರಿ ಹೊಳೆಗೆ ಬಿದ್ದಾಗಲೂ ಚಾಲಕನನ್ನು ಉಳಿಸಲು ಸ್ಥಳೀಯ ಮೀನುಗಾರರು ನೆರವಾಗಿದ್ದರು.

ನಮ್ಮ ಕಡೆಗೆ ಇನ್ನೊಂದು ಯೋಜನೆಯೂ ಇದೆ, ಕೈಗಾ ಅಣುಸ್ಥಾವರದ್ದು. ಸ್ಥಾವರದ ಹೊರಗಿನ ತುರ್ತು ಪರಿಸ್ಥಿತಿ ಜಿಲ್ಲಾಡಳಿತದ ಹೊಣೆ, ಅಣಕು ಕಾರ್ಯಾಚರಣೆಯೂ ನಡೆಯುತ್ತದೆ. ಎರಡೂ ಯೋಜನೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರೆ ಕಾಣುವುದು ಒಂದೇ ರಸ್ತೆ: ಕದ್ರಾ, ಮಲ್ಲಾಪುರದಿಂದ ಕಾರವಾರಕ್ಕೆ ಬರುವುದು. ನೆರೆಯಲ್ಲಿ ನೀರು ನಿಲ್ಲುವುದೂ ಆ ಕಡೆಗೇ. ಯಲ್ಲಾಪುರದ ದಾರಿ ಹಿಡಿದರೆ ಘಟ್ಟದಲ್ಲಿ ಗುಡ್ಡ ಜಾರುವ ಭಯ. ಇದನ್ನು ಟಿಪ್ಪಣಿ ಮಾಡಿ ಮೇಲಕ್ಕೆ ಕಳಿಸಿದೆ.

ಈಗ ನನ್ನ ಪಂಚಾಯತಿ ಬೇರೆ. ಹೊಳೆ ದೂರ, ಗುಡ್ಡದ ಬುಡದಲ್ಲೇ ಮನೆಗಳು. ಗುಡ್ಡಕ್ಕೆ ಗೇಟೂ ಇಲ್ಲ, ಮುನ್ನೆಚ್ಚರಿಕೆ ಪತ್ರವೂ ಇಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಕುಸಿದದ್ದು ಹೆದ್ದಾರಿ ಪಕ್ಕದ ಗುಡ್ಡವೇ. ಕಾರವಾರ ತಾಲ್ಲೂಕಿನ ಕಡವಾಡದ ಝರಿವಾಡದಲ್ಲಿ 19 ಜನರನ್ನು ಬಲಿ ತೆಗೆದುಕೊಂಡ ಕುಸಿತ ಆದದ್ದು 2009ರ ಅಕ್ಟೋಬರಿನಲ್ಲಿ, ಮಳೆಗಾಲ ಮುಗಿಯಿತೆಂದು ಛತ್ರಿ ಮಡಚಿಡುವ ಹೊತ್ತಿಗೆ. ಅದಕ್ಕೇ ಇಲ್ಲಿನ ಕಂಟ್ರೋಲ್ ರೂಂ ಪಾಳಿಯನ್ನು ಅಕ್ಟೋಬರ್ ಮುಗಿಯುವವರೆಗೆ ಹಾಕಿದ್ದೇನೆ. ಗುಡ್ಡದಿಂದ ಹರಿದುಬರುವ ಅಬ್ಬಿ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ನೆಲದಲ್ಲಿ ಹೊಸ ಬಿರುಕು ಕಂಡರೆ, ಅಡಿಕೆ ಮರ ಓರೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂದು ಮನೆಮನೆಗೆ ಚೀಟಿ ಹಂಚಿದ್ದಾಯಿತು. ಫೋನ್ ಬಂದ ಕೂಡಲೇ ಮನೆ ಖಾಲಿ ಮಾಡಿಸಬೇಕೋ, ಇಂಜಿನಿಯರ್ ಬಂದು ನೋಡುವವರೆಗೆ ಕಾಯಬೇಕೋ ಎಂಬುದು ಗ್ರಾಮಸಭೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಖಾಲಿ ಮಾಡಿಸುವುದು ಎಂದೇ ಬರೆದಿದ್ದೇನೆ.