ಒಬ್ಬರೇ ಒಂದು ಬ್ಯಾಂಡ್: ಮುಂಬೈನ ಫ್ಲ್ಯಾಟಿನಲ್ಲಿ ಬ್ಲ್ಯಾಕ್ ಮೆಟಲ್

ಮುಂಬೈ ಬಳಿಯ ಡೊಂಬಿವಲಿಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕುಳಿತು ಎಲ್ಲ ವಾದ್ಯಗಳನ್ನೂ ತಾವೇ ನುಡಿಸಿ ಬ್ಲ್ಯಾಕ್ ಮೆಟಲ್ (ಅತಿವೇಗದ, ಚೀರುಕಂಠದ ರಾಕ್ ಸಂಗೀತ) ಆಲ್ಬಮ್ ಮಾಡಬೇಕೆಂದಿರುವ ಕನ್ನಡಿಗರು ಮೊದಲು ಕಲಿಯಬೇಕಾದದ್ದು ಗಿಟಾರನ್ನಲ್ಲ, ಡ್ರಮ್ಸನ್ನು. ಗಿಟಾರ್ ನುಡಿಸುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಬ್ಲಾಸ್ಟ್ ಬೀಟ್ ಎಂಬ ಅತಿವೇಗದ ಡ್ರಮ್ ನಡೆಯನ್ನು ಇಡೀ ಹಾಡಿನುದ್ದಕ್ಕೂ ಕುಂದದೆ ನುಡಿಸಬಲ್ಲವರು ವಿರಳವಾದ್ದರಿಂದ ಬೇರೆ ತಂಡಗಳೂ ಅಂಥವರನ್ನು ಹುಡುಕಿಕೊಂಡು ಬರುತ್ತವೆ.

ನಿಮಿಷಕ್ಕೆ 200 ತಾಳದ ವೇಗದಲ್ಲಿ, ಕಿಕ್ (ಕಾಲಿನಿಂದ ನುಡಿಸುವ ದೊಡ್ಡ ಡ್ರಮ್) ಮತ್ತು ಸ್ನೇರ್ (ಕೋಲಿನಿಂದ ನುಡಿಸುವ ಚಿಕ್ಕ ಡ್ರಮ್) ಸರದಿಯಂತೆ ಬೀಳುವ ಬ್ಲಾಸ್ಟ್ ಬೀಟಿನಲ್ಲಿ ಸ್ನೇರಿನ ಮೇಲೆಯೇ ತಾಳಕ್ಕೆ ಎರಡರಂತೆ ನಿಮಿಷಕ್ಕೆ 400 ಪೆಟ್ಟು ಬೀಳಬೇಕು. ಅದರ ಜೊತೆ ಸಾಗುವ ಟ್ರೆಮೊಲೊ ಗಿಟಾರಿಗೆ, ಅಂದರೆ ಒಂದೇ ಸ್ವರವನ್ನು ಬಿಡದೆ ವೇಗವಾಗಿ ಮೀಟುವ ಗಿಟಾರಿಗೆ, ತಾಳಕ್ಕೆ ನಾಲ್ಕರಂತೆ ಸೆಕೆಂಡಿಗೆ 13ಕ್ಕೂ ಹೆಚ್ಚು ಮೀಟು ಬೇಕು. ತೋಳಿನ ಬಲದಿಂದ ಇದು ಸಾಧ್ಯವಿಲ್ಲ, ಮಣಿಕಟ್ಟು ಮತ್ತು ಬೆರಳುಗಳು ಸಡಿಲವಾಗಿರಬೇಕು. ನಗರದಲ್ಲಿ ಯಕ್ಷಗಾನ ನಡೆದಾಗ ಚೆಂಡೆಯವರ ಹಿಂದೆ ನಿಂತು ಅವರ ಮಣಿಕಟ್ಟನ್ನು ಗಮನಿಸಿದರೆ ಎಷ್ಟೋ ವಿಡಿಯೋ ಪಾಠಗಳಿಗಿಂತ ಹೆಚ್ಚು ತಿಳಿಯುತ್ತದೆ. ತಾಳ ಹಾಕುವ ಮೆಟ್ರೊನೋಮನ್ನು 120ಕ್ಕೆ ಇಟ್ಟು ಆರಂಭಿಸಿ, ಪೆಟ್ಟುಗಳು ಸಮವಾದ ಮೇಲೆ ನಾಲ್ಕೈದರಂತೆ ಏರಿಸಿ. ಮುಂಗೈ ಬಿಗಿದುಕೊಂಡರೆ ಹಿಂದಕ್ಕೆ ಬನ್ನಿ.

ನೆರೆಹೊರೆಯ ಪ್ರಶ್ನೆ ಸಣ್ಣದಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲಿನಲ್ಲಿ 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬಲ್. ಎಲೆಕ್ಟ್ರಾನಿಕ್ ಕಿಟ್ ತಂದರೆ ಸಮಸ್ಯೆ ಮುಗಿಯಿತೆಂದು ನಾನೂ ಭಾವಿಸಿದ್ದೆ. ಆದರೆ ಕಿಕ್ ಪೆಡಲಿನ ಗುದ್ದು ನೆಲದ ಸ್ಲ್ಯಾಬಿನ ಮೂಲಕ ನೇರವಾಗಿ ಕೆಳಮನೆಯ ಛಾವಣಿಗೆ ಇಳಿಯುತ್ತದೆ. ಕಾಲಿನ ಅಭ್ಯಾಸವನ್ನು ದಪ್ಪ ರಬ್ಬರ್ ಮ್ಯಾಟಿನ ಮೇಲೆ, ಹಗಲಿನಲ್ಲಿ ಮಾಡುವುದೇ ಲೇಸು. ನಿಜವಾದ ಡ್ರಮ್ಸನ್ನು ಗಂಟೆಯ ಬಾಡಿಗೆಯ ಜ್ಯಾಮ್ ರೂಮಿನಲ್ಲಿ (ತಂಡಗಳು ತಾಲೀಮು ಮಾಡುವ ಕೋಣೆ) ಧ್ವನಿಮುದ್ರಿಸಬಹುದು, ಆದರೆ ಹಾಡು ಕಂಠಪಾಠವಾಗುವ ಮುನ್ನ ಅಲ್ಲಿ ಕಾಲಿಟ್ಟರೆ ದುಡ್ಡು ದಂಡ.

ಮೆಟ್ರೊನೋಮಿನ ಕ್ಲಿಕ್ಕಿನ ಮೇಲೆ ಕಚ್ಚಾ ಗಿಟಾರ್, ಅದರ ಮೇಲೆ ಡ್ರಮ್ಸ್, ನಂತರ ಬಾಸ್, ಆಮೇಲೆ ನಿಜವಾದ ಗಿಟಾರ್: ಧ್ವನಿಮುದ್ರಣದ ಕ್ರಮ ಇಷ್ಟೇ. ಎಡಬಲದ ಗಿಟಾರುಗಳನ್ನು ಎರಡು ಬಾರಿ ನುಡಿಸಲೇಬೇಕು, ಏಕೆಂದರೆ ಒಂದನ್ನೇ ನಕಲು ಮಾಡಿ ಎರಡೂ ಕಡೆ ಹಾಕಿದರೆ ಸದ್ದು ಜೋರಾಗುತ್ತದೆಯೇ ಹೊರತು ಅಗಲವಾಗುವುದಿಲ್ಲ. ಉಪಕರಣ ದುಬಾರಿಯಾಗಿರಬೇಕಿಲ್ಲ. ನಾರ್ವೆಯ ಡಾರ್ಕ್‌ಥ್ರೋನ್ ತಂಡದ 1994ರ ‘ಟ್ರಾನ್ಸಿಲ್ವೇನಿಯನ್ ಹಂಗರ್’ ಆಲ್ಬಮ್ಮಿನಲ್ಲಿ ಎಲ್ಲ ವಾದ್ಯಗಳನ್ನೂ ಫೆನ್ರಿಜ್ ಒಬ್ಬನೇ ನುಡಿಸಿದ್ದು ನಾಲ್ಕು ಟ್ರ್ಯಾಕಿನ ರೆಕಾರ್ಡರಿನಲ್ಲಿ. ಕಂಠ ಮಾತ್ರ ನಾಕ್ಟರ್ನೊ ಕಲ್ಟೊನದು.

ಕನ್ನಡದಲ್ಲಿ ಚೀರುವಾಗ ನಾರ್ವೇಜಿಯನ್ ಹಾಡುಗಾರರಿಗಿಲ್ಲದ ಒಂದು ತೊಡಕು ಎದುರಾಗುತ್ತದೆ. ನಮ್ಮ ಪದಗಳು ಬಹುಮಟ್ಟಿಗೆ ಸ್ವರಾಂತವಾಗಿದ್ದು, ‘ಬಂದಿತ್ತು’, ‘ಸುಟ್ಟಿತು’ ಎಂಬಂತೆ ಸಾಲು ಉಕಾರದಲ್ಲಿ ಮುಗಿದರೆ ತುಟಿ ಮುಚ್ಚಿಕೊಂಡು ಚೀತ್ಕಾರ ಕುಗ್ಗುತ್ತದೆ. ‘ಕತ್ತಲೆ’, ‘ಸುಟ್ಟ’ ಎಂದು ಬಾಯಿ ತೆರೆದೇ ಇರುವ ಪದಗಳನ್ನು ಸಾಲಿನ ಕೊನೆಗೆ ತನ್ನಿ. ಒತ್ತಕ್ಷರಗಳು ಮಾತ್ರ ವರವೇ ಸರಿ. ಸ್ನೇರಿನ ಪೆಟ್ಟಿನ ಮೇಲೆ ಅವು ಚೆನ್ನಾಗಿ ಕೂರುತ್ತವೆ. ಮೈಕಿನ ಹತ್ತಿರ ನಿಂತರೆ ಅಬ್ಬರಿಸುವ ಅಗತ್ಯವಿಲ್ಲ. ಗಂಟಲು ಉರಿದರೆ ಆ ದಿನಕ್ಕೆ ನಿಲ್ಲಿಸಬೇಕು.

ಜೀವನೋಪಾಯದ ವಿಷಯದಲ್ಲಿ ಭ್ರಮೆ ಬೇಡ. ಫೆನ್ರಿಜ್ ಕೂಡ ದೀರ್ಘಕಾಲ ಅಂಚೆ ಸೇವೆಯಲ್ಲಿ ದುಡಿದವನು. ಹಗಲಿನ ನೌಕರಿ ಬಿಡದೆ, ಇತರ ತಂಡಗಳಿಗೆ ಸೆಷನ್ ಡ್ರಮ್ಮರ್ ಆಗಿ ಸಂಭಾವನೆಗೆ ನುಡಿಸಿ, ನಿಮ್ಮ ರಚನೆಗಳನ್ನು ಸಂಗೀತ ರಚನಕಾರರ ಪರವಾಗಿ ರಾಯಧನ ಸಂಗ್ರಹಿಸುವ, ಮುಂಬೈಯಲ್ಲೇ ಕಚೇರಿಯಿರುವ ಐಪಿಆರ್‌ಎಸ್ ಸಂಸ್ಥೆಯಲ್ಲಿ ನೋಂದಾಯಿಸಿಕೊಳ್ಳಿ. ವೇದಿಕೆಯ ಕರೆ ಬಂದಾಗ ಗಿಟಾರನ್ನೂ ಕಂಠವನ್ನೂ ನಿಮ್ಮಲ್ಲಿಟ್ಟುಕೊಂಡು, ಪ್ರತಿ ವಾದ್ಯದ ಬಿಡಿ ಟ್ರ್ಯಾಕನ್ನು ಉಳಿದ ವಾದ್ಯಗಳನ್ನು ನುಡಿಸುವ ಜೊತೆಗಾರರಿಗೆ ಒಂದು ತಿಂಗಳು ಮೊದಲೇ ಕಳುಹಿಸಿ.