ಅತಿಥಿಗಳ ಪಥ್ಯ ಮತ್ತು ನಮ್ಮ ಬೆಳಗಿನ ತಿಂಡಿ: ಹೋಂಸ್ಟೇ ನಡೆಸುವವರಿಗೆ

ಮೈಸೂರಿನಲ್ಲಿ ಹೋಂಸ್ಟೇ ನಡೆಸುವವರಿಗೆ ಊಟಕ್ಕಿಂತ ಬೆಳಗಿನ ತಿಂಡಿಯೇ ಹೆಚ್ಚು ಕಷ್ಟದ್ದು. ಮಧ್ಯಾಹ್ನದ ಊಟವನ್ನು ಅತಿಥಿಗಳು ಹೊರಗೆ ಮುಗಿಸಿಕೊಳ್ಳುತ್ತಾರೆ. ತಿಂಡಿ ಮಾತ್ರ ನಮ್ಮಲ್ಲೇ ಆಗಬೇಕು, ಅದೂ ಅವರು ಚಾಮುಂಡಿ ಬೆಟ್ಟಕ್ಕೋ ಅರಮನೆಗೋ ಹೊರಡುವ ಆತುರದಲ್ಲಿರುವಾಗ. ಆ ಹೊತ್ತಿನಲ್ಲಿ ಒಬ್ಬರು ಈರುಳ್ಳಿ ಬೇಡವೆಂದೂ ಇನ್ನೊಬ್ಬರು ಗೋಧಿ ಆಗದೆಂದೂ ಹೇಳಿದರೆ ಒಲೆಯ ಮುಂದೆ ನಿಂತವರಿಗೆ ಕೈಕಾಲು ಆಡುವುದಿಲ್ಲ. ಆದ್ದರಿಂದ ಈ ವಿಚಾರಣೆಯನ್ನು ಹಿಂದಿನ ಸಂಜೆಯೇ, ದೋಸೆಗೆ ರುಬ್ಬುವುದಕ್ಕೆ ಮೊದಲೇ ಮುಗಿಸಿಕೊಳ್ಳಬೇಕು.

ಕೇಳುವಾಗ "ತಿಂಡಿಗೆ ಏನು ಮಾಡಲಿ" ಎಂದು ಕೇಳಿದರೆ "ಏನಾದರೂ ನಡೆಯುತ್ತದೆ" ಎಂಬ ಉತ್ತರವೇ ಬರುತ್ತದೆ. "ಯಾವುದು ಆಗುವುದಿಲ್ಲ, ಏಕೆ ಆಗುವುದಿಲ್ಲ" ಎಂದು ಕೇಳಬೇಕು. ಇದರಲ್ಲಿ "ಏಕೆ" ಎಂಬುದೇ ಮುಖ್ಯ. ರುಚಿಗಾಗಿ ಈರುಳ್ಳಿ ಬೇಡವೆಂದವರು ತಟ್ಟೆಯಲ್ಲಿ ಒಂದು ಚೂರು ಸಿಕ್ಕಿದರೆ ಬದಿಗೆ ಸರಿಸಿ ತಿನ್ನುತ್ತಾರೆ. ವ್ರತಕ್ಕಾಗಿ ಬಿಟ್ಟವರಿಗೆ ಆ ತಟ್ಟೆಯೇ ವರ್ಜ್ಯ. ಅಲರ್ಜಿ ಇರುವವರನ್ನು ಅದೇ ಒಂದು ಚೂರು ಆಸ್ಪತ್ರೆಗೆ ಸೇರಿಸಬಹುದು.

ಉಪವಾಸದ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಏಕಾದಶಿಯಂದು ಪುಣೆಯ ದಂಪತಿಗೆ, ನಮ್ಮ ಮನೆಯ ರೂಢಿಯಂತೆ, ಬಿಸಿಬಿಸಿಯಾದ ರವೆ ಉಪ್ಪಿಟ್ಟು ಮಾಡಿ ಬಡಿಸಿದೆ. ಆಕೆ ಚಮಚವನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟು, "ನಿಮ್ಮಲ್ಲಿ ಉಪವಾಸಕ್ಕೆ ರವೆ ನಡೆಯುತ್ತದೆಯೇ?" ಎಂದು ಮೆಲ್ಲಗೆ ಕೇಳಿದರು. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಅನ್ನವನ್ನು ಬಿಟ್ಟರೆ ಸಾಕು, ಉಪ್ಪಿಟ್ಟು, ಅವಲಕ್ಕಿ ಎಲ್ಲವೂ ಫಲಾಹಾರವೇ. ಅವರಿಗೆ ಅಕ್ಕಿ, ಗೋಧಿ, ಬೇಳೆ ಯಾವುದೂ ಕೂಡದು. ಅಂದು ಅವರು ಬಾಳೆಹಣ್ಣು, ಹಾಲಿನಲ್ಲೇ ಮುಗಿಸಿದರು. ಅಂಥವರಿಗಾಗಿ ಈಗ ನಾನು ಸಬ್ಬಕ್ಕಿಯನ್ನೂ ಸೈಂಧವ ಉಪ್ಪನ್ನೂ ಮನೆಯಲ್ಲಿ ಇಟ್ಟಿರುತ್ತೇನೆ. ನಿರ್ಜಲ ಉಪವಾಸ ಮಾಡುವವರೂ ಬರುತ್ತಾರೆ; ಅವರನ್ನು ಕಾಫಿಗಾಗಿ ಒತ್ತಾಯಿಸದಿರುವುದೇ ಉಪಚಾರ.

ಶ್ರವಣಬೆಳಗೊಳಕ್ಕೆ ಹೋಗುವ ದಾರಿಯಲ್ಲಿ ಮೈಸೂರಿನಲ್ಲಿ ತಂಗುವ ಜೈನ ಯಾತ್ರಿಕರಿಗೆ ಈರುಳ್ಳಿ, ಬೆಳ್ಳುಳ್ಳಿ ಬಿಟ್ಟರೆ ಮುಗಿಯಿತೆಂದು ತಿಳಿಯಬಾರದು. ನಿಯಮ ಪಾಲಿಸುವವರು ನೆಲದೊಳಗೆ ಬೆಳೆಯುವ ಆಲೂಗಡ್ಡೆ, ಕ್ಯಾರೆಟ್, ಮೂಲಂಗಿ, ಹಸಿಶುಂಠಿಗಳನ್ನೂ ಮುಟ್ಟುವುದಿಲ್ಲ. ಹೀಗಾಗಿ ನಾವು ಹೆಮ್ಮೆಯಿಂದ ಬಡಿಸುವ ಮೈಸೂರು ಮಸಾಲೆ ದೋಸೆಯ ಪಲ್ಯವೂ ಬೆಳ್ಳುಳ್ಳಿ ಹಾಕಿದ ಕೆಂಪು ಚಟ್ನಿಯೂ ಎರಡೂ ಹೋಗುತ್ತವೆ. ಪಲ್ಯಕ್ಕೆ ಆಲೂಗಡ್ಡೆಯ ಬದಲು ಬಾಳೆಕಾಯಿ ಬೇಯಿಸಿ ಹಾಕಬಹುದು, ಶುಂಠಿಯ ಜಾಗಕ್ಕೆ ಒಣಶುಂಠಿ ಸಾಕು. ಆದರೆ ಇನ್ನೂ ಕಟ್ಟುನಿಟ್ಟಾಗಿರುವವರು ರಾತ್ರಿಯಿಡೀ ಹುಳಿ ಬಂದ ಹಿಟ್ಟನ್ನೇ ಒಲ್ಲರು. ಅವರಿಗೆ ಆಗಲೇ ಕಲಸಿ ತಟ್ಟಿದ ಅಕ್ಕಿ ರೊಟ್ಟಿ, ತೆಂಗಿನಕಾಯಿ ಮತ್ತು ಜೀರಿಗೆ ಮಾತ್ರ ಹಾಕಿದ್ದು, ಒಳ್ಳೆಯ ದಾರಿ.

ಗೋಧಿಯಲ್ಲಿರುವ ಗ್ಲುಟೆನ್ ಆಗದವರು, ಅದರಲ್ಲೂ ಸೀಲಿಯಾಕ್ ಕಾಯಿಲೆಯವರು (ಗ್ಲುಟೆನ್ ತಿಂದರೆ ಕರುಳಿಗೆ ಹಾನಿಯಾಗುವವರು) ಬಂದಾಗ, "ನಮ್ಮದೆಲ್ಲ ಅಕ್ಕಿ, ರಾಗಿ ತಾನೇ" ಎಂದು ಧೈರ್ಯ ಹೇಳುವ ಮೊದಲು ಅಡುಗೆಮನೆಯ ಡಬ್ಬಗಳನ್ನು ಒಮ್ಮೆ ತೆರೆದು ನೋಡಬೇಕು. ರವೆ ಇಡ್ಲಿ, ಉಪ್ಪಿಟ್ಟು, ಖಾರಾಬಾತ್‌ಗಳ ರವೆ ಗೋಧಿಯದು. ಮದ್ದೂರು ವಡೆಯಲ್ಲಿ ಅಕ್ಕಿ ಹಿಟ್ಟಿನ ಜೊತೆಗೆ ರವೆ, ಮೈದಾ ಎರಡೂ ಸೇರಿರುತ್ತವೆ. ಯಾರೂ ಅನುಮಾನಿಸದ ಜಾಗವೆಂದರೆ ಒಗ್ಗರಣೆಯ ಇಂಗು: ಅಂಗಡಿಯಲ್ಲಿ ಸಿಗುವ ಡಬ್ಬದ ಇಂಗಿಗೆ ಬಹಳಷ್ಟು ಸಲ ಮೈದಾ ಬೆರೆಸಿರುತ್ತಾರೆ. ಡಬ್ಬದ ಮೇಲಿನ ಸಣ್ಣ ಅಕ್ಷರಗಳನ್ನು ಓದಿ, ಅನುಮಾನವಿದ್ದರೆ ಇಂಗನ್ನೇ ಬಿಡಿ. ಚಪಾತಿ ಬೇಯಿಸಿದ ಕಾವಲಿಯ ಮೇಲೆ ಅವರ ದೋಸೆಯನ್ನು ಹುಯ್ಯಬಾರದು, ಪೂರಿ ಕರಿದ ಎಣ್ಣೆಯಲ್ಲಿ ಅವರ ಉದ್ದಿನ ವಡೆಯನ್ನು ಬಿಡಬಾರದು.

ಕಡಲೆಕಾಯಿ ಅಲರ್ಜಿಯಂತೂ ನನಗೆ ಎಲ್ಲಕ್ಕಿಂತ ಹೆಚ್ಚು ಭಯದ ವಿಷಯ. ಚಿತ್ರಾನ್ನ, ಪುಳಿಯೋಗರೆ, ಅವಲಕ್ಕಿ ಒಗ್ಗರಣೆ, ಕೊನೆಗೆ ಮೇಲೆ ಹೇಳಿದ ಸಬ್ಬಕ್ಕಿಯ ಉಪವಾಸದ ಖಿಚಡಿ, ಎಲ್ಲದರಲ್ಲೂ ಅದು ಕಣ್ಣಿಗೆ ಕಾಣುತ್ತದೆ. ಕಾಣದಿರುವುದು ಚಟ್ನಿಯಲ್ಲಿ ಮತ್ತು ಎಣ್ಣೆಯಲ್ಲಿ. ಈಚೆಗೆ ಎಲ್ಲರೂ ಮೆಚ್ಚಿಕೊಂಡಿರುವ ಗಾಣದ ಕಡಲೆಕಾಯಿ ಎಣ್ಣೆಯಲ್ಲಿ ಅಲರ್ಜಿ ತರುವ ಅಂಶ ಉಳಿದಿರುತ್ತದೆ. ಚಟ್ನಿಯನ್ನು ಹುರಿಗಡಲೆ ಮತ್ತು ತೆಂಗಿನಕಾಯಿಯಲ್ಲೇ ಮಾಡಿದರೂ, ನಿನ್ನೆ ಕಡಲೆಕಾಯಿ ರುಬ್ಬಿದ ಮಿಕ್ಸಿ ಜಾರನ್ನು ಬೆಳಕಿಗೆ ಹಿಡಿದು ನೋಡಿ: ಬ್ಲೇಡಿನ ಬುಡದಲ್ಲಿ, ಮುಚ್ಚಳದ ರಬ್ಬರಿನ ಒಳಗಡೆ ಬಿಳಿಯ ಗೆರೆಯಂತೆ ಅಂಟಿಕೊಂಡಿರುತ್ತದೆ. ನಾನು ಇದಕ್ಕೆಂದೇ ಬೇರೆ ಜಾರು ಇಟ್ಟಿದ್ದೇನೆ. ಅಷ್ಟು ವ್ಯವಸ್ಥೆ ಇಲ್ಲದವರು ಸಂಕೋಚಪಡದೆ "ನಮ್ಮಲ್ಲಿ ಭರವಸೆ ಕೊಡಲಾಗುವುದಿಲ್ಲ, ಹಣ್ಣು ಕೊಡುತ್ತೇವೆ" ಎಂದು ಹೇಳಿಬಿಡುವುದು ಮೇಲು.

ಗೋಕುಲಂ ಕಡೆ ಯೋಗ ಕಲಿಯಲು ಬರುವ ವಿದೇಶಿಯರಲ್ಲಿ ವೀಗನ್ನರು, ಅಂದರೆ ಹಾಲು, ಮೊಸರು ಸೇರಿ ಪ್ರಾಣಿಗಳಿಂದ ಬರುವ ಯಾವುದನ್ನೂ ತಿನ್ನದವರು, ಬಹಳ. ಅವರಿಗೆ ಇಡ್ಲಿ, ದೋಸೆ ಸುಲಭ. ಕಾವಲಿಗೆ ತುಪ್ಪದ ಬದಲು ಎಣ್ಣೆ ಸವರಿ, ಪೊಂಗಲ್ ಬೇಡ, ಮೊಸರು ಸೇರುವ ರವೆ ಇಡ್ಲಿಯೂ ಬೇಡ. ತುಪ್ಪವನ್ನು ಹಾಲಿನ ಪದಾರ್ಥವೆಂದು ನಮ್ಮ ಅಡುಗೆಯವರಿಗೆ ಒಪ್ಪಿಸಲು ನನಗೆ ಒಂದು ವಾರ ಹಿಡಿಯಿತು.

ಸಕ್ಕರೆ ಕಾಯಿಲೆಯವರಿಗೆ ಮಂಡ್ಯದ ಬೆಲ್ಲ ಹಾಕಿದ ಪೊಂಗಲ್ ಮುಂದಿಟ್ಟು "ಇದು ಸಕ್ಕರೆಯಲ್ಲ" ಎನ್ನುವುದು ನಮ್ಮವರ ಹಳೆಯ ಪ್ರೀತಿಯ ತಪ್ಪು. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಅವರಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ತಿಂಡಿ ಏನೆಂಬುದರಷ್ಟೇ ಎಷ್ಟು ಹೊತ್ತಿಗೆ ಎಂಬುದೂ ಮುಖ್ಯ, ಏಕೆಂದರೆ ಇನ್ಸುಲಿನ್ ಆದ ಮೇಲೆ ತಿಂಡಿ ತಡವಾದರೆ ಸಕ್ಕರೆ ತೀರಾ ಇಳಿದುಬಿಡಬಹುದು. ಎಂಟು ಗಂಟೆ ಎಂದು ಹೇಳಿದ್ದರೆ ಎಂಟಕ್ಕೆ ತಟ್ಟೆ ಮುಂದಿರಬೇಕು.

ಸಂಜೆ ಕೇಳಿದ್ದನ್ನೆಲ್ಲ ಕೊಠಡಿಯ ಸಂಖ್ಯೆಯೊಂದಿಗೆ ಒಂದು ಚೀಟಿಯಲ್ಲಿ ಬರೆದು ಒಲೆಯ ಎದುರಿನ ಗೋಡೆಗೆ ಅಂಟಿಸಿ, ಅಡುಗೆಯವರಿಗೆ ಬಾಯಲ್ಲೂ ಓದಿ ಹೇಳಿ. ದಸರೆಯ ದಿನಗಳಲ್ಲಿ, ಎಲ್ಲ ಕೊಠಡಿಗಳೂ ತುಂಬಿರುವಾಗ, ಎರಡಕ್ಕಿಂತ ಹೆಚ್ಚು ಬಗೆಯ ಪಥ್ಯದ ತಿಂಡಿ ಮಾಡಲಾಗುವುದಿಲ್ಲವೆಂದು ನಾನು ಕೊಠಡಿ ಕಾಯ್ದಿರಿಸುವಾಗಲೇ ತಿಳಿಸುತ್ತೇನೆ. ಅದರಿಂದ ಈವರೆಗೆ ಯಾರೂ ಬೇಸರಪಟ್ಟುಕೊಂಡಿಲ್ಲ.